ನಿಲ್ಲೋಕೆ ನೆಲ ಇಲ್ಲ, ಉಂಗುರಕ್ಕೆ ದಪ್ಪ ಇಲ್ಲ: ಶನಿ ಗ್ರಹ ಅಂದ್ರೆ ನಿಜಕ್ಕೂ ಏನು?

ಹೋದ ವರ್ಷ, ಅಂದ್ರೆ 2025ರ ನವೆಂಬರಲ್ಲಿ ಟೆಲಿಸ್ಕೋಪ್ ಇಟ್ಟು ಶನಿ ತೋರಿಸಿದ ಕಡೆ ಜನ ಕೇಳಿದ್ದು ಒಂದೇ ಪ್ರಶ್ನೆ, ಉಂಗುರ ಎಲ್ಲಿ? ಫೋಟೋದಲ್ಲಿ ಅಷ್ಟು ಚೆಂದ ಕಾಣೋ ಉಂಗುರ ಕಣ್ಣಿಟ್ಟು ನೋಡಿದ್ರೆ ಬರೀ ಒಂದು ತೆಳ್ಳನೆ ಗೆರೆ, ಕೆಲವರಿಗೆ ಅದೂ ಕಾಣಲಿಲ್ಲ. ವಾಟ್ಸಾಪಲ್ಲಂತೂ ಶನಿಯ ಉಂಗುರ ಮಾಯ ಅಂತ ಒಂದು ಫಾರ್ವರ್ಡ್, ಅದರ ಬೆನ್ನಿಗೇ ಇದಕ್ಕೂ ಸಾಡೇಸಾತಿಗೂ ಸಂಬಂಧ ಇದೆ ಅಂತ ಇನ್ನೊಂದು. ಈಗ ಈ ಅಕ್ಟೋಬರಲ್ಲಿ ಶನಿ ಮತ್ತೆ ಚೆನ್ನಾಗಿ ಕಾಣೋ ಟೈಮ್ ಬಂದಿದೆ, ಉಂಗುರನೂ ನಿಧಾನಕ್ಕೆ ವಾಪಸ್ ಕಾಣಿಸ್ಕೊಳ್ತಿದೆ.

ನಮ್ಮ ತುಮಕೂರು ಜಿಲ್ಲೇಲಿ ಈ ಗ್ರಹದ ಹೆಸರು ಗೊತ್ತಿಲ್ಲದೋರು ಯಾರೂ ಇಲ್ಲ ಬಿಡಿ. ಶನಿವಾರ ಬಂತಂದ್ರೆ ಪಾವಗಡದ ಶನಿಮಹಾತ್ಮನ ಗುಡಿಗೆ ಹೋಗೋರ ಗದ್ದಲ, ಶ್ರಾವಣದಲ್ಲಿ ಕೇಳೋದೇ ಬೇಡ. ಆದ್ರೆ ಮೇಲೆ ಆಕಾಶದಲ್ಲಿರೋ ಆ ಗ್ರಹ ಏನರಿಂದ ಆಗಿದೆ, ಅಲ್ಲಿ ನೆಲ ಇದೆಯಾ, ಉಂಗುರ ಯಾಕೆ ಬಂತು ಅಂತ ಕೇಳಿದ್ರೆ, ಉಂಗುರ ಇರುವ ಗ್ರಹ ಯಾವುದು ಅಂತ ಸ್ಕೂಲಲ್ಲಿ ಒಂದು ಮಾರ್ಕಿಗೆ ಓದಿದ್ದು ಬಿಟ್ಟು ಬೇರೇನೂ ನೆನಪಿಗೆ ಬರಲ್ಲ. ಅದನ್ನೇ ಇಲ್ಲಿ ಬುಡದಿಂದ ನೋಡೋಣ. ಜಾತಕದ ಫಲಾಫಲ ಈ ಲೇಖನದ ವಿಷಯ ಅಲ್ಲ, ಅದರ ಪರವೂ ಇಲ್ಲ ವಿರೋಧವೂ ಇಲ್ಲ.

ಎಷ್ಟು ದೂರ, ಯಾಕೆ ಅಷ್ಟು ನಿಧಾನ

ಸೂರ್ಯನಿಂದ ಎಣಿಸ್ಕೊಂಡು ಹೋದ್ರೆ ಬುಧ, ಶುಕ್ರ, ಭೂಮಿ, ಮಂಗಳ, ಗುರು, ಆಮೇಲೆ ಆರನೇದು ಶನಿ. ನಾವು ಸೂರ್ಯನಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರ ಇದ್ದೀವಿ, ಶನಿ ಸುಮಾರು 143 ಕೋಟಿ ಕಿಲೋಮೀಟರ್. ಸೂರ್ಯನ ಬೆಳಕು ನಮ್ಮ ಹತ್ರ ಬರೋಕೆ ಎಂಟು ನಿಮಿಷ ಸಾಕು, ಶನಿ ತಲುಪೋಕೆ ಒಂದು ಗಂಟೆ ಇಪ್ಪತ್ತು ನಿಮಿಷ ಹತ್ರ ಬೇಕು.

ದೂರ ಹೋದಷ್ಟೂ ಸೂರ್ಯನ ಎಳೆತ ಕಡಿಮೆ, ಹಾಗಾಗಿ ಗ್ರಹದ ಓಟನೂ ನಿಧಾನ, ಮೇಲಿಂದ ಸುತ್ತಬೇಕಾದ ದಾರಿ ಬೇರೆ ಉದ್ದ. ಎರಡೂ ಸೇರಿ ಶನಿ ಒಂದು ಸುತ್ತು ಮುಗಿಸೋಕೆ ನಮ್ಮ ಸುಮಾರು 29.5 ವರ್ಷ ತಗೊಳ್ಳುತ್ತೆ. ಈ 29.5ನ ಹನ್ನೆರಡು ರಾಶಿಗೆ ಭಾಗ ಮಾಡಿ ನೋಡಿ, ಒಂದು ರಾಶಿಗೆ ಹತ್ತಿರ ಹತ್ತಿರ ಎರಡೂವರೆ ವರ್ಷ ಬರುತ್ತೆ. ಒಬ್ಬರ ರಾಶಿ, ಅದರ ಹಿಂದಿನದು, ಮುಂದಿನದು, ಹೀಗೆ ಮೂರು ರಾಶಿ ಸೇರಿಸಿದ್ರೆ ಏಳೂವರೆ ವರ್ಷ. ಸಾಡೇಸಾತಿ ಅನ್ನೋ ಲೆಕ್ಕ ಬಂದಿದ್ದು ಇಲ್ಲಿಂದಾನೇ. ಟೆಲಿಸ್ಕೋಪ್ ಇಲ್ಲದ ಕಾಲದಲ್ಲೂ ಜನ ರಾತ್ರಿ ರಾತ್ರಿ ಆಕಾಶ ನೋಡಿ ಈ ಸುತ್ತಿನ ಕಾಲ ಕರೆಕ್ಟಾಗಿ ಹಿಡಿದಿದ್ರು ಅನ್ನೋದಂತೂ ಗಟ್ಟಿ.

ಅಲ್ಲಿ ಬಿಸಿಲು ಎಷ್ಟಿರಬಹುದು? ಶನಿ ನಮಗಿಂತ ಒಂಬತ್ತೂವರೆ ಪಟ್ಟು ದೂರ, ಬೆಳಕು ದೂರದ ವರ್ಗಕ್ಕೆ ತಕ್ಕ ಹಾಗೆ ಕಮ್ಮಿ ಆಗುತ್ತೆ, ಅಂದ್ರೆ ಒಂಬತ್ತೂವರೆ ಗುಣಿಸು ಒಂಬತ್ತೂವರೆ, ಸುಮಾರು 90 ಪಟ್ಟು ಕಮ್ಮಿ. ಪಾವಗಡದ ತಿರುಮಣಿ ಹತ್ರ ಇರೋ ಸೋಲಾರ್ ಪಾರ್ಕ್ ಸಾಮರ್ಥ್ಯ 2,050 ಮೆಗಾವ್ಯಾಟ್, ಹಳ್ಳಿ ಹಳ್ಳಿ ದಾಟಿ ಹರಡಿರೋ ಆ ಪ್ಯಾನೆಲ್‌ಗಳನ್ನೆಲ್ಲ ಕಿತ್ಕೊಂಡು ಹೋಗಿ ಶನಿ ಹತ್ರ ಇಟ್ರೆ ಸಿಗೋದು 22-23 ಮೆಗಾವ್ಯಾಟ್ ಅಷ್ಟೇ. ಶನಿಯನ್ನ ಸುತ್ತಿ ಸ್ಟಡಿ ಮಾಡಿದ ಕ್ಯಾಸಿನಿ ನೌಕೆ ಸೋಲಾರ್ ಪ್ಯಾನೆಲ್ ಬಿಟ್ಟು ಸುಮಾರು 33 ಕಿಲೋ ಪ್ಲುಟೋನಿಯಂ ಹೊತ್ಕೊಂಡು ಹೋಗಿದ್ದು ಇದಕ್ಕೇ, ಆ ಪ್ಲುಟೋನಿಯಂ ತಾನಾಗೇ ಬಿಸಿ ಬಿಡ್ತಾ ಇರುತ್ತೆ, ಆ ಬಿಸಿಯಿಂದ ಕರೆಂಟ್.

ಗಾತ್ರ ದೊಡ್ಡದು, ತೂಕ ಅಷ್ಟಿಲ್ಲ

ಶನಿಯ ನಡುವಿನ ಅಡ್ಡಳತೆ ಸುಮಾರು 1,20,500 ಕಿಲೋಮೀಟರ್. ಭೂಮಿದು 12,756. ಅಂದ್ರೆ ಪಕ್ಕಪಕ್ಕ ಒಂಬತ್ತೂವರೆ ಭೂಮಿ ಸಾಲಾಗಿ ನಿಲ್ಲಬಹುದು, ಒಳಗೆ ತುಂಬಿಸ್ತಾ ಹೋದ್ರೆ 750ಕ್ಕೂ ಹೆಚ್ಚು ಭೂಮಿಯಷ್ಟು ಜಾಗ. ಆದ್ರೆ ದ್ರವ್ಯರಾಶಿ ಬರೀ 95 ಭೂಮಿಯಷ್ಟು. ಜಾಗ 750, ಸರಕು 95, ಅಂದ್ಮೇಲೆ ಒಳಗಿರೋದು ಹಗುರ ಸರಕೇ ಆಗಿರಬೇಕಲ್ವಾ.

ಒಂದು ಅಳತೆ ಜಾಗದೊಳಗೆ ಎಷ್ಟು ತೂಕ ಹಿಡಿಯುತ್ತೆ ಅನ್ನೋದಕ್ಕೆ ಸಾಂದ್ರತೆ ಅಂತಾರೆ. ನೀರಿನ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 1 ಗ್ರಾಂ, ಭೂಮಿದು 5.5, ಶನಿದು ಸರಾಸರಿ 0.69. ನಮ್ಮ ಸೂರ್ಯನ ಸಂಸಾರದಲ್ಲಿ ನೀರಿಗಿಂತ ಕಡಿಮೆ ಸಾಂದ್ರತೆ ಇರೋ ಗ್ರಹ ಇದೊಂದೇ. ಇದನ್ನ ಇಟ್ಕೊಂಡು ದೊಡ್ಡ ಸಮುದ್ರಕ್ಕೆ ಹಾಕಿದ್ರೆ ಶನಿ ತೇಲುತ್ತೆ ಅಂತ ಬಹಳ ಪುಸ್ತಕದಲ್ಲಿ ಬರೀತಾರೆ. ನನಗೆ ಆ ಮಾತು ಅಷ್ಟು ಹಿಡಿಸಲ್ಲ, ಯಾಕಂದ್ರೆ 0.69 ಅನ್ನೋದು ಸರಾಸರಿ, ಹೊರಗಡೆ ಬರೀ ಗ್ಯಾಸ್, ಒಳಗಡೆ ನೀರಿಗಿಂತ ಎಷ್ಟೋ ಪಟ್ಟು ಒತ್ತಾದ ಸರಕು, ಇಡೀ ಗ್ರಹ ಚೆಂಡಿನ ಹಾಗೆ ಒಂದೇ ತುಂಡಾಗಿ ತೇಲೋಕೆ ಆಗಲ್ಲ.

ಇನ್ನೊಂದು ವಿಷಯ, ಶನಿ ಪೂರ್ತಿ ಗುಂಡಗಿಲ್ಲ. ಮೇಲಿನ ಧ್ರುವದಿಂದ ಕೆಳಗಿನ ಧ್ರುವಕ್ಕೆ ಅಳೆದ್ರೆ ಸುಮಾರು 1,08,700 ಕಿಲೋಮೀಟರ್ ಅಷ್ಟೇ, ನಡುವಿನ ಅಳತೆಗಿಂತ ಹತ್ತಿರ ಹತ್ತಿರ 12,000 ಕಮ್ಮಿ, ಅಂದ್ರೆ ಒಂದು ಭೂಮಿಯಷ್ಟು ಕಮ್ಮಿ. ಹನ್ನೊಂದು ಗಂಟೆ ಒಳಗೆ ಒಂದು ಸಲ ತಿರುಗೋ ರಭಸಕ್ಕೆ ಗ್ಯಾಸಿನ ಮೈ ನಡುವಲ್ಲಿ ಉಬ್ಬಿ ತಲೆ ಬುಡ ಚಪ್ಪಟೆ ಆಗಿದೆ. ಒಳ್ಳೆ ಟೆಲಿಸ್ಕೋಪಲ್ಲಿ ಇದು ಕಣ್ಣಿಗೇ ಗೊತ್ತಾಗುತ್ತೆ.

ಗ್ಯಾಸ್ ಗ್ರಹ ಅಂದ್ರೆ ಇಳಿಯೋಕೆ ನೆಲ ಇಲ್ವಾ?

ಇಲ್ಲ. ಶನಿಯ ಹೆಚ್ಚಿನ ಪಾಲು ಹೈಡ್ರೋಜನ್, ಆಮೇಲೆ ಹೀಲಿಯಂ. ಸೂರ್ಯ ಆಗಿರೋದೂ ಇವೆರಡರಿಂದಾನೇ. ಗ್ರಹಗಳು ಹುಟ್ಟೋ ಕಾಲದಲ್ಲಿ ಸೂರ್ಯನ ಹತ್ರ ಬಿಸಿ ಜಾಸ್ತಿ, ಅಲ್ಲಿ ಕಲ್ಲು, ಲೋಹ ಮಾತ್ರ ಗಟ್ಟಿಯಾಗಿ ಉಳಿದ್ವು. ದೂರದಲ್ಲಿ ಚಳಿ, ನೀರೂ ಮಂಜುಗಡ್ಡೆ ಆಗಿ ಸಿಗ್ತಿತ್ತು, ಹಾಗಾಗಿ ಅಲ್ಲಿ ಹುಟ್ಟಿದ ಗ್ರಹಗಳಿಗೆ ಮೈ ಕಟ್ಟೋಕೆ ಸಾಮಾನು ಜಾಸ್ತಿ ಸಿಕ್ತು. ಮೈ ಒಂದು ಹಂತಕ್ಕೆ ದೊಡ್ಡದಾದ ಮೇಲೆ ಅದರ ಗುರುತ್ವನೂ ಜಾಸ್ತಿ ಆಗಿ ಸುತ್ತಲಿದ್ದ ಹೈಡ್ರೋಜನ್, ಹೀಲಿಯಂನೆಲ್ಲ ಬಾಚಿ ಹೊದ್ಕೊಂಡು ಬಿಡ್ತು. ಗುರು, ಶನಿ ಹೀಗೆ ಬೆಳೆದ ಗ್ರಹಗಳು, ಅದಕ್ಕೇ ಇವೆರಡನ್ನ ಗ್ಯಾಸ್ ದೈತ್ಯರು ಅಂತಾರೆ.

ಸರಿ, ಒಂದು ನೌಕೆ ಒಳಗೆ ಇಳೀತಾ ಹೋಯ್ತು ಅಂದ್ಕೊಳ್ಳಿ, ಏನೇನು ಸಿಗುತ್ತೆ? ಮೊದಲು ಅಮೋನಿಯಾ ಹರಳುಗಳ ಮೋಡ. ಶನಿಗೆ ಆ ಹಳದಿ ಮಬ್ಬು ಬಣ್ಣ ಬರೋದು ಈ ಮೇಲಿನ ಪದರದಿಂದ. ಗಾಳಿಯ ಒತ್ತಡ ನಮ್ಮ ಸಮುದ್ರ ಮಟ್ಟದಲ್ಲಿರೋಷ್ಟೇ ಇರೋ ಜಾಗದಲ್ಲಿ ಚಳಿ ಮೈನಸ್ 139 ಡಿಗ್ರಿ ಸೆಲ್ಸಿಯಸ್ ಸುಮಾರು. ತಮಾಷೆ ಅಂದ್ರೆ ಅಲ್ಲಿ ನಮ್ಮ ತೂಕ ಇಲ್ಲಿಗಿಂತ ಅಷ್ಟೇನೂ ಬೇರೆ ಆಗಲ್ಲ, 95 ಭೂಮಿಯಷ್ಟು ಸರಕಿದ್ರೂ ಆ ಮೋಡ ಗ್ರಹದ ನಡುಬಿಂದುವಿನಿಂದ ಅಷ್ಟು ದೂರ ಇರೋದರಿಂದ ಎಳೆತ ಹೆಚ್ಚುಕಮ್ಮಿ ಭೂಮಿಯಷ್ಟೇ. ಇನ್ನೂ ಕೆಳಗೆ ನೀರಿನ ಮೋಡ. ಅಲ್ಲಿಂದ ಮುಂದೆ ಬಿಸಿ ಏರ್ತಾ ಹೋಗುತ್ತೆ, ಒತ್ತಡನೂ ಏರ್ತಾ ಹೋಗುತ್ತೆ, ಹೈಡ್ರೋಜನ್ ದಟ್ಟ ಆಗ್ತಾ ಆಗ್ತಾ ಯಾವಾಗ ಗ್ಯಾಸ್ ಹೋಗಿ ದ್ರವ ಆಯ್ತು ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ. ನಮ್ಮ ಕೆರೆಯಲ್ಲಿ ನೀರಿಗೂ ಗಾಳಿಗೂ ನಡುವೆ ಒಂದು ಮಟ್ಟ ಇರುತ್ತಲ್ಲ, ಅಂಥದ್ದು ಅಲ್ಲಿಲ್ಲ. ನೌಕೆ ಇಳಿಯೋ ಜಾಗ ಹುಡುಕ್ತಾನೇ ಒತ್ತಡಕ್ಕೆ ಹಪ್ಪಳ ಆಗಿರುತ್ತೆ.

ಒತ್ತಡ ನಮ್ಮ ಗಾಳಿಯ ಒತ್ತಡದ ಹತ್ತು ಲಕ್ಷ ಪಟ್ಟು ದಾಟಿದ ಮೇಲೆ ಹೈಡ್ರೋಜನ್ ತನ್ನ ಗುಣನೇ ಬದಲಾಯಿಸುತ್ತೆ. ಅಣುಗಳು ಎಷ್ಟು ಒತ್ತಿಕೊಳ್ತವೆ ಅಂದ್ರೆ ಅವುಗಳ ಎಲೆಕ್ಟ್ರಾನ್‌ಗಳು ಯಾರಿಗೂ ಸೇರದ ಹಾಗೆ ಓಡಾಡೋಕೆ ಶುರು ಮಾಡ್ತವೆ, ಆಗ ಆ ಹೈಡ್ರೋಜನ್ ತಾಮ್ರದ ತಂತಿ ಥರ ಕರೆಂಟ್ ಹರಿಸುತ್ತೆ. ಇದಕ್ಕೆ ಲೋಹೀಯ ಹೈಡ್ರೋಜನ್ ಅಂತಾರೆ. ಶನಿಯ ಕಾಂತಕ್ಷೇತ್ರ ಹುಟ್ಟೋದು ಈ ಪದರದ ಅಲುಗಾಟದಿಂದ.

ಕೊನೆಗಾದ್ರೂ ಗಟ್ಟಿ ಕಲ್ಲಿನ ತಿರುಳು ಸಿಗುತ್ತಾ? ಬಹಳ ಕಾಲ ಹಾಗೇ ಅಂದ್ಕೊಂಡಿದ್ರು, ಒಳಗೆ ಕಲ್ಲು ಮಂಜುಗಡ್ಡೆಯ ಒಂದು ಗುಂಡು, ಅದರ ಮೇಲೆ ಹೈಡ್ರೋಜನ್ ಅಂತ. 2021ರಲ್ಲಿ ಬಂದ ಒಂದು ಅಧ್ಯಯನ ಅದನ್ನೂ ಅಲುಗಾಡಿಸ್ತು. ಗ್ರಹದ ಒಳಗಡೆ ಸಣ್ಣಗೆ ತೊನೆದಾಟ ಇರುತ್ತೆ, ಆ ತೊನೆದಾಟಕ್ಕೆ ಗುರುತ್ವ ಅಷ್ಟಷ್ಟೇ ಏರುಪೇರಾಗಿ ಉಂಗುರದಲ್ಲಿ ಅಲೆ ಏಳುತ್ತೆ, ಆ ಅಲೆಗಳನ್ನ ಕ್ಯಾಸಿನಿ ಅಳೆದಿತ್ತು. ಲೆಕ್ಕ ಹಾಕಿದಾಗ ಸಿಕ್ಕಿದ್ದು ಅಂಚೇ ಇಲ್ಲದ ತಿರುಳು, ಗ್ರಹದ ತ್ರಿಜ್ಯದಲ್ಲಿ ಸುಮಾರು 60 ಪರ್ಸೆಂಟ್ ವರೆಗೂ ಹರಡಿಕೊಂಡು, ಕಲ್ಲು, ಮಂಜು, ಹೈಡ್ರೋಜನ್ ಎಲ್ಲ ಕಲಸಿಕೊಂಡು, ಹೊರಗೆ ಬರ್ತಾ ಬರ್ತಾ ತೆಳುವಾಗೋ ಅಂಥದ್ದು.

ಶನಿ ಸೂರ್ಯನಿಂದ ಪಡೆಯೋ ಶಾಖದ ಎರಡು ಪಟ್ಟಿಗೂ ಜಾಸ್ತಿ ಶಾಖ ಹೊರಗೆ ಬಿಡುತ್ತೆ. ಹುಟ್ಟಿದಾಗಿನ ಬಿಸಿ ಸ್ವಲ್ಪ ಉಳಿದಿದೆ ನಿಜ, ಆದ್ರೆ ಅಷ್ಟರಿಂದಾನೇ ಲೆಕ್ಕ ಸರಿ ಹೋಗಲ್ಲ. ವಿಜ್ಞಾನಿಗಳು ಕೊಡೋ ಮುಖ್ಯ ವಿವರಣೆ ಅಂದ್ರೆ ಹೀಲಿಯಂ ಮಳೆ, ಒಳಗಿನ ಒತ್ತಡದಲ್ಲಿ ಹೀಲಿಯಂ ಹೈಡ್ರೋಜನ್ ಜೊತೆ ಬೆರೆತಿರೋಕೆ ಆಗದೆ ಹನಿ ಕಟ್ಟಿ ಕೆಳಗೆ ಬೀಳುತ್ತೆ, ಬೀಳ್ತಾ ಬೀಳ್ತಾ ತಿಕ್ಕಾಟಕ್ಕೆ ಶಾಖ ಹುಟ್ಟುತ್ತೆ.

ಅಲ್ಲಿ ಒಂದು ದಿನ ಅಂದ್ರೆ ಎಷ್ಟು ಹೊತ್ತು

ಇದು ಸಣ್ಣ ಪ್ರಶ್ನೆ ಅನ್ಸುತ್ತೆ, ಆದ್ರೆ ಉತ್ತರ ಸಿಗೋಕೆ 2019ರ ತನಕ ಕಾಯಬೇಕಾಯ್ತು. ಮಂಗಳದಲ್ಲಾದ್ರೆ ಒಂದು ಗುಡ್ಡ ಗುರುತಿಟ್ಕೊಂಡು ಅದು ಮತ್ತೆ ಯಾವಾಗ ಎದುರು ಬರುತ್ತೆ ಅಂತ ನೋಡಿದ್ರೆ ಆಯ್ತು. ಶನಿಯಲ್ಲಿ ಗುರುತಿಡೋಕೆ ನೆಲನೇ ಇಲ್ಲ, ಮೋಡ ನೋಡಿದ್ರೆ ನಡುವಿನ ಮೋಡ ಒಂದು ಸ್ಪೀಡು, ಧ್ರುವದ ಕಡೆ ಮೋಡ ಇನ್ನೊಂದು ಸ್ಪೀಡು.

ಗುರುಗ್ರಹದಲ್ಲಿ ಈ ತೊಂದರೆಗೆ ಒಂದು ಉಪಾಯ ಇತ್ತು. ಅದರ ಕಾಂತಕ್ಷೇತ್ರ ತಿರುಗೋ ಅಚ್ಚಿಗೆ ಸ್ವಲ್ಪ ಓರೆ ಇದೆ, ಹಾಗಾಗಿ ಗ್ರಹ ತಿರುಗಿದಾಗ ರೇಡಿಯೋ ಸಿಗ್ನಲ್ ಏರಿ ಇಳಿಯುತ್ತೆ, ಅದನ್ನ ಎಣಿಸಿದ್ರೆ ದಿನ ಸಿಕ್ತು. ಶನಿಯ ಕಾಂತಕ್ಷೇತ್ರ ಅಚ್ಚಿನ ಜೊತೆ ಹೆಚ್ಚುಕಮ್ಮಿ ಒಂದೇ ಗೆರೆಯಲ್ಲಿದೆ. ಆದ್ರೂ ಅಲ್ಲಿಂದ ಬರೋ ಒಂದು ರೇಡಿಯೋ ಸಿಗ್ನಲ್‌ನಿಂದ ವಾಯೇಜರ್ ನೌಕೆಗಳು ಹೋದಾಗ 10 ಗಂಟೆ 39 ನಿಮಿಷ ಅಂತ ಲೆಕ್ಕ ಹಾಕಿದ್ರು, ಕ್ಯಾಸಿನಿ ಹೋಗಿ ನೋಡಿದ್ರೆ ಅದೇ ಸಿಗ್ನಲ್ ಐದಾರು ನಿಮಿಷ ಬೇರೆ ಹೇಳ್ತಿತ್ತು. ಇಡೀ ಗ್ರಹ ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಹಾಗೆ ನಿಧಾನ ಆಗೋಕೆ ಸಾಧ್ಯ ಇಲ್ಲ, ಅಂದ್ರೆ ಸಿಗ್ನಲ್ಲೇ ನಂಬೋ ಹಾಗಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರಲ್ಲಿ ಅಷ್ಟು ದೊಡ್ಡ ರೇಡಿಯೋ ದೂರದರ್ಶಕ ಇದ್ಯಲ್ಲ ಅಲ್ಲಿಂದಾನೇ ಕೇಳಬಹುದಿತ್ತಲ್ವಾ ಅಂದ್ರೆ ಆಗಲ್ಲ, ಈ ಸಿಗ್ನಲ್‌ನ ಅಲೆಯುದ್ದ ಕಿಲೋಮೀಟರ್ ಲೆಕ್ಕದ್ದು, ಅಂಥ ಅಲೆಗಳನ್ನ ನಮ್ಮ ವಾತಾವರಣದ ಮೇಲಿನ ಅಯಾನುಗೋಳ ಒಳಗೆ ಬಿಡಲ್ಲ, ಅಲ್ಲಿಗೇ ಹೋಗಿ ಕೇಳಬೇಕು.

ಕೊನೆಗೆ ದಾರಿ ತೋರಿಸಿದ್ದು ಮತ್ತೆ ಉಂಗುರಾನೇ. ಮೇಲೆ ಹೇಳಿದ್ನಲ್ಲ ಆ ಅಲೆಗಳು, ಅವುಗಳಿಂದ ಗ್ರಹದ ಒಳಭಾಗ ತಿರುಗೋ ಕಾಲ 10 ಗಂಟೆ 33 ನಿಮಿಷ 38 ಸೆಕೆಂಡ್ ಅಂತ ಬಂತು.

ಗಾಳಿ, ಬಿರುಗಾಳಿ, ಆರು ಮೂಲೆ

ಶನಿಯ ನಡುಭಾಗದಲ್ಲಿ ಗಾಳಿ ಗಂಟೆಗೆ ಸುಮಾರು 1,800 ಕಿಲೋಮೀಟರ್ ವೇಗದಲ್ಲಿ ಬೀಸುತ್ತೆ. ಕೆಲವು ದಶಕಕ್ಕೊಮ್ಮೆ ದೊಡ್ಡ ಬಿಳಿ ಬಿರುಗಾಳಿ ಏಳುತ್ತೆ, 1876, 1903, 1933, 1960, 1990ರಲ್ಲಿ ಕಂಡಿತ್ತು, 2010ರ ಕೊನೆಗೆ ಎದ್ದಿದ್ದು ಇಡೀ ಗ್ರಹಕ್ಕೆ ಒಂದು ಸುತ್ತು ಬಂದು ತನ್ನ ಬಾಲ ತಾನೇ ಮುಟ್ಟಿತ್ತು.

ಉತ್ತರ ಧ್ರುವದ್ದು ಇನ್ನೂ ವಿಚಿತ್ರ. ಅಲ್ಲಿ ಮೋಡಗಳು ಆರು ಮೂಲೆಯ ಆಕಾರದಲ್ಲಿ ನಿಂತಿವೆ, ಒಂದೊಂದು ಬದಿಯ ಉದ್ದ ಸುಮಾರು 14,500 ಕಿಲೋಮೀಟರ್, ಭೂಮಿಯ ಅಡ್ಡಳತೆಗಿಂತ ಜಾಸ್ತಿ. ವಾಯೇಜರ್ ಫೋಟೋಗಳಲ್ಲಿ ಮೊದಲು ಸಿಕ್ಕಿದ್ದು, ಕ್ಯಾಸಿನಿ ಹೋದಾಗಲೂ ಅಲ್ಲೇ ಇತ್ತು. ಯಾರೋ ಕಟ್ಟಿದ್ದು ಅಂತ ಯೂಟ್ಯೂಬಲ್ಲಿ ವಿಡಿಯೋ ಓಡ್ತವೆ, ಹಾಗೇನಿಲ್ಲ. ವೇಗದ ಗಾಳಿಯ ಪಟ್ಟಿ ಪಕ್ಕದಲ್ಲಿ ನಿಧಾನದ ಗಾಳಿ ಇದ್ರೆ ನಡುವಿನ ಗೆರೆ ಅಂಕುಡೊಂಕಾಗುತ್ತೆ, ಆ ಡೊಂಕುಗಳು ಸುತ್ತಿನೊಳಗೆ ಸರಿಯಾಗಿ ಆರು ಕೂತ್ರೆ ಆರು ಮೂಲೆ. ಲ್ಯಾಬಲ್ಲಿ ತಿರುಗೋ ನೀರಿನ ತೊಟ್ಟಿಯಲ್ಲಿ ಇಂಥ ಮೂಲೆ ಆಕಾರಗಳನ್ನ ಮಾಡಿ ತೋರಿಸಿದಾರೆ. ದಕ್ಷಿಣ ಧ್ರುವದಲ್ಲಿ ಮಾತ್ರ ಯಾಕೆ ಹೀಗಿಲ್ಲ ಅನ್ನೋದಕ್ಕೆ ಎಲ್ಲರೂ ಒಪ್ಪೋ ಉತ್ತರ ಇನ್ನೂ ಬಂದಿಲ್ಲ.

ಉಂಗುರ: ಕಂಡಿದ್ದು ಒಂದು, ಇರೋದು ಇನ್ನೊಂದು

1610ರಲ್ಲಿ ಗೆಲಿಲಿಯೋ ತನ್ನ ಟೆಲಿಸ್ಕೋಪನ್ನ ಶನಿ ಕಡೆ ತಿರುಗಿಸಿದಾಗ ಅವನಿಗೆ ಉಂಗುರ ಅಂತ ಗೊತ್ತಾಗಲಿಲ್ಲ, ಮಧ್ಯ ಒಂದು ದೊಡ್ಡದು ಎಡಕ್ಕೊಂದು ಬಲಕ್ಕೊಂದು ಸಣ್ಣದು, ಮೂರು ಗ್ರಹ ಅಂಟಿಕೊಂಡಿವೆ ಅಂದ್ಕೊಂಡ. 1612ರಲ್ಲಿ ನೋಡಿದ್ರೆ ಆ ಎರಡು ಸಣ್ಣವು ನಾಪತ್ತೆ. ಹೋದ ವರ್ಷ ನಮ್ಮೋರು ಕೇಳಿದ ಪ್ರಶ್ನೇನೇ ನಾನೂರು ವರ್ಷದ ಹಿಂದೆ ಅವನನ್ನೂ ಕಾಡಿತ್ತು. 1659ರಲ್ಲಿ ಹಾಲೆಂಡಿನ ಹೈಗೆನ್ಸ್, ಇದು ಗ್ರಹಕ್ಕೆ ಎಲ್ಲೂ ತಾಗದ ತೆಳ್ಳನೆ ಚಪ್ಪಟೆ ಉಂಗುರ, ಓರೆಯಾಗಿದೆ ಅಂತ ಪುಸ್ತಕದಲ್ಲಿ ಬರೆದ. 1675ರಲ್ಲಿ ಕ್ಯಾಸಿನಿ ಅನ್ನೋ ಖಗೋಳಜ್ಞ ಉಂಗುರದ ನಡುವೆ ಒಂದು ಕಪ್ಪು ಸಂದು ಕಂಡ, ನೌಕೆಗೆ ಇಟ್ಟಿದ್ದು ಅವನ ಹೆಸರೇ.

ಗಟ್ಟಿ ತಟ್ಟೆನಾ ಅಲ್ವಾ ಅನ್ನೋದನ್ನ ತೀರ್ಮಾನ ಮಾಡಿದ್ದು ಟೆಲಿಸ್ಕೋಪಲ್ಲ, ಗಣಿತ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1859ರಲ್ಲಿ ಲೆಕ್ಕ ಹಾಕಿ ತೋರಿಸಿದ, ಒಂದೇ ತುಂಡಿನ ಉಂಗುರ ಆಗಿದ್ರೆ ಅದು ನಿಲ್ಲಲ್ಲ, ಒಡೆದು ಹೋಗುತ್ತೆ, ಹಾಗಾಗಿ ಇದು ಬೇರೆ ಬೇರೆ ಸುತ್ತೋ ಅಸಂಖ್ಯಾತ ತುಂಡುಗಳೇ ಆಗಿರಬೇಕು ಅಂತ. 1895ರಲ್ಲಿ ಜೇಮ್ಸ್ ಕೀಲರ್ ಬೆಳಕಿನ ಬಣ್ಣ ಅಳೆದು ನೋಡಿದಾಗ ಉಂಗುರದ ಒಳ ಅಂಚು ಹೊರ ಅಂಚಿಗಿಂತ ಫಾಸ್ಟಾಗಿ ಓಡ್ತಿರೋದು ಸಿಕ್ತು. ಗಟ್ಟಿ ತಟ್ಟೆ ತಿರುಗಿದ್ರೆ ಹೊರ ಅಂಚೇ ಫಾಸ್ಟ್ ಇರಬೇಕು, ಇಲ್ಲಿ ಉಲ್ಟಾ. ಅಲ್ಲಿಗೆ ಮ್ಯಾಕ್ಸ್‌ವೆಲ್ ಹೇಳಿದ್ದು ಸರಿ ಅಂತಾಯ್ತು.

ಆ ತುಂಡುಗಳು ಹೆಚ್ಚಿನವು ನೀರಿನ ಮಂಜುಗಡ್ಡೆ, ಅಲ್ಪ ಸ್ವಲ್ಪ ಕಲ್ಲಿನ ಧೂಳು. ಗಾತ್ರ ಮರಳಿನ ಕಣದಿಂದ ಹಿಡಿದು ಒಂದು ಮನೆಯಷ್ಟರ ತನಕ. ಒಳ ಅಂಚಿನವು ಸೆಕೆಂಡಿಗೆ 22 ಕಿಲೋಮೀಟರ್ ಮೇಲೆ ಓಡ್ತವೆ, ಹೊರ ಅಂಚಿನವು 16-17. ಇಷ್ಟು ವೇಗದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದು ಪುಡಿ ಆಗಲ್ವಾ ಅಂದ್ರೆ, ಪಕ್ಕಪಕ್ಕದವು ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಒಂದೇ ದಿಕ್ಕಿಗೆ ಹೋಗ್ತಿರ್ತವೆ, ತಾಗಿದ್ರೂ ಮೆತ್ತಗೆ ತಾಗ್ತವೆ.

ಈಗ ದಪ್ಪದ ವಿಷಯ, ನನ್ನ ಪ್ರಕಾರ ಶನಿಯ ಬಗ್ಗೆ ಅತಿ ಆಶ್ಚರ್ಯದ ಸಂಗತಿ ಇದೇ. ದೊಡ್ಡ ಉಂಗುರಗಳ ಒಟ್ಟು ಅಡ್ಡಳತೆ ಸುಮಾರು 2.7 ಲಕ್ಷ ಕಿಲೋಮೀಟರ್, ದಪ್ಪ ಹೆಚ್ಚಿನ ಕಡೆ ಹತ್ತು ಮೀಟರ್ ಆಸುಪಾಸು. ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆ ತಗೊಳ್ಳಿ, ಅದರ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಆ ಹಾಳೆನ ಇದೇ ಅನುಪಾತದಲ್ಲಿ ಅಗಲ ಮಾಡಿದ್ರೆ 2.7 ಕಿಲೋಮೀಟರ್ ಅಗಲ ಆಗುತ್ತೆ, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯೋಕೆ ಅರ್ಧ ಗಂಟೆ ಹಿಡಿಯೋ ಒಂದೇ ಒಂದು ಹಾಳೆ. ಅಲ್ಲಲ್ಲಿ ಅಪವಾದ ಇದೆ, 2009ರಲ್ಲಿ ಬಿಸಿಲು ಉಂಗುರಕ್ಕೆ ಅಡ್ಡಡ್ಡ ಬಿದ್ದಾಗ ಒಂದು ಅಂಚಿನಲ್ಲಿ ಎರಡೂವರೆ ಕಿಲೋಮೀಟರ್ ತನಕ ಎದ್ದು ನಿಂತ ರಾಶಿಗಳ ನೆರಳು ಕ್ಯಾಸಿನಿ ಫೋಟೋದಲ್ಲಿ ಬಿದ್ದಿತ್ತು.

ಇಷ್ಟು ತೆಳ್ಳಗೆ ಆಗಿದ್ದು ಹೇಗೆ? ಯಾವುದೋ ತುಂಡು ಸ್ವಲ್ಪ ಓರೆಯಾಗಿ ಸುತ್ತುತ್ತಿದೆ ಅಂದ್ಕೊಳ್ಳಿ, ಅದು ಪ್ರತಿ ಸುತ್ತಲ್ಲೂ ಎರಡು ಸಲ ಉಳಿದವುಗಳ ಸಾಲನ್ನ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ದಾಟಬೇಕು. ದಾಟುವಾಗೆಲ್ಲ ತಾಗುತ್ತೆ, ತಾಗಿದಾಗೆಲ್ಲ ಆ ಮೇಲೆ ಕೆಳಗಿನ ಓಟ ಸ್ವಲ್ಪ ಸ್ವಲ್ಪ ಕಮ್ಮಿ ಆಗುತ್ತೆ, ಸುತ್ತೋ ಓಟ ಮಾತ್ರ ಉಳಿಯುತ್ತೆ. ಕೊನೆಗೆ ಎಲ್ಲವೂ ಗ್ರಹದ ಉಬ್ಬಿದ ನಡುವಿನ ಮಟ್ಟಕ್ಕೆ ಬಂದು ಸೇರ್ಕೊಳ್ತವೆ.

ಮತ್ತೆ ಇವೆಲ್ಲ ಒಟ್ಟಾಗಿ ಒಂದು ಚಂದ್ರ ಯಾಕೆ ಆಗಲ್ಲ? ಗ್ರಹಕ್ಕೆ ತೀರಾ ಹತ್ರ ಇರೋದರಿಂದ. ಹತ್ರದ ಬದಿಗೆ ಎಳೆತ ಜಾಸ್ತಿ, ದೂರದ ಬದಿಗೆ ಕಮ್ಮಿ, ಈ ವ್ಯತ್ಯಾಸಕ್ಕೆ ಕೂಡಿಕೊಂಡ ರಾಶಿ ಮತ್ತೆ ಬಿಡಿಸಿಕೊಂಡು ಹೋಗುತ್ತೆ. ಇದಕ್ಕಿಂತ ಒಳಗೆ ಬಂದ್ರೆ ಒಟ್ಟಾಗಿ ಉಳಿಯಲ್ಲ ಅನ್ನೋ ಆ ದೂರಕ್ಕೆ ರೋಷ್ ಮಿತಿ ಅಂತಾರೆ.

ಕ್ಯಾಸಿನಿ ಕಂಡ ಆ ಕಪ್ಪು ಸಂದು ಸುಮಾರು 4,800 ಕಿಲೋಮೀಟರ್ ಅಗಲ. ಅದಕ್ಕೆ ಕಾರಣ ಹೊರಗಡೆ ಸುತ್ತೋ ಮೈಮಸ್ ಅನ್ನೋ ಚಂದ್ರ. ಸಂದಿನ ಒಳ ಅಂಚಲ್ಲಿರೋ ತುಂಡು ಎರಡು ಸುತ್ತು ಹಾಕೋಷ್ಟರಲ್ಲಿ ಮೈಮಸ್ ಸರಿಯಾಗಿ ಒಂದು ಸುತ್ತು ಹಾಕಿರುತ್ತೆ, ಹಾಗಾಗಿ ಅದರ ಎಳೆತ ಪ್ರತಿ ಸಲ ಅದೇ ಜಾಗದಲ್ಲಿ ಬೀಳುತ್ತೆ, ಒಂದೊಂದು ಎಳೆತ ಸಣ್ಣದೇ ಆದ್ರೂ ಸೇರ್ತಾ ಸೇರ್ತಾ ಆ ತುಂಡುಗಳ ದಾರಿ ಕೆಡಿಸಿ ಜಾಗ ಖಾಲಿ ಮಾಡಿಸಿಬಿಡುತ್ತೆ. ಕೆಲವು ಸಣ್ಣ ಸಂದುಗಳಲ್ಲಿ ಪುಟ್ಟ ಚಂದ್ರಗಳೇ ಓಡಾಡಿ ದಾರಿ ಗುಡಿಸ್ತವೆ, ಪ್ಯಾನ್, ಡಾಫ್ನಿಸ್ ಅಂಥವು.

ಉಂಗುರ ಶನಿಗೊಂದಕ್ಕೇ ಇರೋದಲ್ಲ. ಗುರು, ಯುರೇನಸ್, ನೆಪ್ಚೂನ್ ಮೂರಕ್ಕೂ ಇದೆ, ಅವು ಮಸುಕು, ತೆಳು, ಸಣ್ಣ ಟೆಲಿಸ್ಕೋಪಿಗೆ ಕಾಣಲ್ಲ. ಶನಿದು ಮಂಜುಗಡ್ಡೆ ಆಗಿರೋದರಿಂದ ಬಿಸಿಲಿಗೆ ಹೊಳೆಯುತ್ತೆ.

ಹಾಗಾದ್ರೆ ಹೋದ ವರ್ಷ ಉಂಗುರ ಎಲ್ಲಿ ಹೋಗಿತ್ತು

ಎಲ್ಲೂ ಹೋಗಿರಲಿಲ್ಲ. ಶನಿ ತನ್ನ ದಾರಿಗೆ ಹೋಲಿಸಿದ್ರೆ 26.7 ಡಿಗ್ರಿ ವಾಲಿಕೊಂಡಿದೆ, ಉಂಗುರನೂ ಅಷ್ಟೇ ವಾಲಿದೆ, ಆ ವಾಲು ದಿಕ್ಕು ಬದಲಾಗಲ್ಲ. 29.5 ವರ್ಷದ ಸುತ್ತಲ್ಲಿ ಒಂದಷ್ಟು ವರ್ಷ ನಮಗೆ ಉಂಗುರದ ಉತ್ತರದ ಮುಖ ಕಾಣುತ್ತೆ, ಒಂದಷ್ಟು ವರ್ಷ ದಕ್ಷಿಣದ ಮುಖ, ಒಂದರಿಂದ ಇನ್ನೊಂದಕ್ಕೆ ಬದಲಾಗೋ ಹೊತ್ತಲ್ಲಿ ಬರೀ ಅಂಚು ಕಾಣುತ್ತೆ. ಹತ್ತು ಮೀಟರ್ ದಪ್ಪದ ಅಂಚು ನೂರು ಕೋಟಿ ಕಿಲೋಮೀಟರ್ ಆಚೆಯಿಂದ ಕಾಣೋದಾದ್ರೂ ಹೇಗೆ. ಇದು ಸುಮಾರು 13-16 ವರ್ಷಕ್ಕೊಮ್ಮೆ ಆಗುತ್ತೆ, 2009ರಲ್ಲಿ ಆಗಿತ್ತು, 2025ರ ಮಾರ್ಚ್ 23ಕ್ಕೆ ಆಯ್ತು, ಮುಂದಿನದು 2038ರಲ್ಲಿ. ಮಾರ್ಚಲ್ಲಿ ಶನಿ ಸೂರ್ಯನ ಹತ್ರ ಇದ್ದಿದ್ದರಿಂದ ಯಾರಿಗೂ ಕಾಣಲಿಲ್ಲ, ನವೆಂಬರಲ್ಲಿ ಉಂಗುರ ಮತ್ತೆ ಹೆಚ್ಚುಕಮ್ಮಿ ಅಂಚಿಗೆ ಬಂದಾಗ ರಾತ್ರಿ ಚೆನ್ನಾಗಿ ಕಾಣ್ತಿತ್ತು, ಗದ್ದಲ ಎದ್ದಿದ್ದು ಆಗ. ದೃಗ್ಗಣಿತ ಪಂಚಾಂಗದ ಪ್ರಕಾರ ಶನಿ ಮೀನಕ್ಕೆ ಬಂದಿದ್ದೂ ಅದೇ 2025ರ ಮಾರ್ಚ್ ಕೊನೆಗೆ, ಫಾರ್ವರ್ಡ್ ಮಾಡೋರು ಎರಡನ್ನೂ ಗಂಟು ಹಾಕಿದ್ರು. ಒಂದು ಆಗೋದು ಎರಡೂವರೆ ವರ್ಷಕ್ಕೊಮ್ಮೆ, ಇನ್ನೊಂದು ಹದಿನೈದು ವರ್ಷಕ್ಕೊಮ್ಮೆ, ತಿಂಗಳು ಒಂದೇ ಆಗಿದ್ದು ಕಾಕತಾಳೀಯ.

ಉಂಗುರ ನಿಜವಾಗಲೂ ಕರಗ್ತಿರೋದೂ ಹೌದು, ಆದ್ರೆ ಅದು ಬೇರೆ ಕತೆ. ಉಂಗುರದ ಮಂಜಿನ ಪುಡಿ ವಿದ್ಯುತ್ ಅಂಶ ಹತ್ತಿಸ್ಕೊಂಡು ಕಾಂತಕ್ಷೇತ್ರದ ಗೆರೆ ಹಿಡಿದು ಗ್ರಹಕ್ಕೆ ಮಳೆ ಥರ ಸುರೀತಿದೆ. 2018ರ ಲೆಕ್ಕದ ಪ್ರಕಾರ ಇನ್ನು 30 ಕೋಟಿ ವರ್ಷದೊಳಗೆ ದೊಡ್ಡ ಉಂಗುರಗಳು ಮುಗಿದು ಹೋಗಬಹುದು. ಹುಟ್ಟಿದ್ದು ಯಾವಾಗ ಅನ್ನೋದರ ಮೇಲೆ ಮಾತ್ರ ಇನ್ನೂ ಜಗಳ ಇದೆ. ಶನಿಯ ವಯಸ್ಸು ಸುಮಾರು 450 ಕೋಟಿ ವರ್ಷ, ಉಂಗುರನೂ ಅಷ್ಟೇ ಹಳೇದಾಗಿದ್ರೆ ಅಂತರಿಕ್ಷದ ಧೂಳು ಬಿದ್ದು ಬಿದ್ದು ಕಪ್ಪಾಗಿರಬೇಕಿತ್ತು, ಇಷ್ಟು ಬೆಳ್ಳಗಿದೆ ಅಂದ್ರೆ ವಯಸ್ಸು ಹತ್ತರಿಂದ ನಲವತ್ತು ಕೋಟಿ ವರ್ಷ ಅಷ್ಟೇ, ಯಾವುದೋ ಮಂಜಿನ ಚಂದ್ರ ಒಡೆದು ಆಗಿರಬೇಕು ಅಂತ ಒಂದು ಗುಂಪು. ಬೀಳೋ ಧೂಳು ಆ ವೇಗಕ್ಕೆ ಆವಿ ಆಗಿ ಹೋಗುತ್ತೆ, ಅಂಟಿಕೊಳ್ಳಲ್ಲ, ಹಾಗಾಗಿ ಬೆಳ್ಳಗಿರೋದನ್ನ ನೋಡಿ ವಯಸ್ಸು ಹೇಳೋಕಾಗಲ್ಲ ಅಂತ ಇನ್ನೊಂದು ಗುಂಪು.

ಚಂದ್ರಗಳು: ಎರಡರ ಬಗ್ಗೆ ಗೊತ್ತಿದ್ರೆ ಸಾಕು

2025ರ ಮಾರ್ಚಲ್ಲಿ ಒಂದೇ ಸಲಕ್ಕೆ 128 ಹೊಸ ಚಂದ್ರಗಳಿಗೆ ಮಾನ್ಯತೆ ಸಿಕ್ಕಿ ಶನಿಯ ಲೆಕ್ಕ 274ಕ್ಕೆ ಏರಿತು. ಬಹುಪಾಲು ಕೆಲವೇ ಕಿಲೋಮೀಟರಿನ ಬಂಡೆಗಳು.

ಟೈಟನ್ ಮಾತ್ರ 5,150 ಕಿಲೋಮೀಟರ್, ಬುಧ ಗ್ರಹಕ್ಕಿಂತ ದೊಡ್ಡದು. ನಮ್ಮ ಗಾಳಿಗಿಂತ ದಟ್ಟವಾದ ನೈಟ್ರೋಜನ್ ಗಾಳಿ ಅಲ್ಲಿದೆ, ಮಳೆ ಬರುತ್ತೆ, ಹೊಳೆ ಹರಿಯುತ್ತೆ, ಕೆರೆಗಳಿವೆ, ಆದ್ರೆ ನೀರಿನದಲ್ಲ, ದ್ರವ ಮೀಥೇನಿನದು, ಯಾಕಂದ್ರೆ ಚಳಿ ಮೈನಸ್ 179 ಡಿಗ್ರಿ. 2005ರ ಜನವರಿ 14ಕ್ಕೆ ಹೈಗೆನ್ಸ್ ಅನ್ನೋ ಪುಟ್ಟ ನೌಕೆ ಪ್ಯಾರಾಚೂಟಲ್ಲಿ ಅಲ್ಲಿ ಇಳೀತು. ಶನಿಯಲ್ಲಿ ಇಳಿಯೋಕೆ ಆಗಲ್ಲ, ಅದರ ಚಂದ್ರನ ಮೇಲೆ ಆಗುತ್ತೆ ನೋಡಿ. ನಾಸಾ 2028ರಲ್ಲಿ ಡ್ರ್ಯಾಗನ್‌ಫ್ಲೈ ಅನ್ನೋ ಡ್ರೋನ್ ಥರದ ನೌಕೆ ಕಳಿಸೋ ತಯಾರಿಲಿದೆ, ತಲುಪೋದು 2034ಕ್ಕೆ.

ಎನ್ಸಲಾಡಸ್ ಬರೀ 500 ಕಿಲೋಮೀಟರ್ ಅಗಲದ ಮಂಜಿನ ಗುಂಡು. ಅದರ ದಕ್ಷಿಣ ಧ್ರುವದ ಬಿರುಕುಗಳಿಂದ ನೀರಿನ ಆವಿ, ಮಂಜು ಚಿಮ್ಮೋದನ್ನ 2005ರಲ್ಲಿ ಕ್ಯಾಸಿನಿ ಕಂಡಿತು, ಶನಿಯ ಹೊರಗಿನ ಒಂದು ಮಸುಕು ಉಂಗುರಕ್ಕೆ ಸರಕು ಸಿಗೋದು ಈ ಚಿಮ್ಮಿನಿಂದಾನೇ. ಮಂಜಿನ ಕೆಳಗೆ ಉಪ್ಪು ನೀರಿನ ಸಮುದ್ರ ಇದೆ, ಚಿಮ್ಮಿದ್ರಲ್ಲಿ ಇಂಗಾಲದ ಸಂಯುಕ್ತ, ಹೈಡ್ರೋಜನ್, ಫಾಸ್ಫೇಟ್ ಸಿಕ್ಕಿವೆ. ಇವು ಜೀವಕ್ಕೆ ಬೇಕಾಗೋ ಸಾಮಾನುಗಳು, ಜೀವ ಅಲ್ಲ. ಆದ್ರೂ ಇಂಧನ ಮುಗೀತಾ ಬಂದ ಕ್ಯಾಸಿನಿ ಎಲ್ಲಾದ್ರೂ ಹೋಗಿ ಈ ಚಂದ್ರಗಳಿಗೆ ಬಡಿದು ಭೂಮಿಯ ಸೂಕ್ಷ್ಮಜೀವಿ ಅಂಟಿಸಿಬಿಟ್ರೆ ಅಂತ, 2017ರ ಸೆಪ್ಟೆಂಬರ್ 15ಕ್ಕೆ ಅದನ್ನ ಬೇಕಂತಲೇ ಶನಿಯೊಳಗೆ ಬೀಳಿಸಿ ಸುಟ್ಟುಹಾಕಿದ್ರು.

ಈ ಸಲ ನೋಡೋದು ಹೇಗೆ

2026ರ ಅಕ್ಟೋಬರ್ 4ಕ್ಕೆ ಸೂರ್ಯ, ಭೂಮಿ, ಶನಿ ಒಂದೇ ಸಾಲಿಗೆ ಬರ್ತವೆ. ಆ ಆಸುಪಾಸಲ್ಲಿ ಸೂರ್ಯ ಮುಳುಗಿದ ಹಾಗೇ ಪೂರ್ವದಲ್ಲಿ ಶನಿ ಹುಟ್ಟುತ್ತೆ, ನಡುರಾತ್ರಿಗೆ ನಮ್ಮ ಕಡೆ ಹೆಚ್ಚುಕಮ್ಮಿ ನೆತ್ತಿ ಹತ್ರ, ಸ್ವಲ್ಪ ದಕ್ಷಿಣಕ್ಕೆ ಬರುತ್ತೆ. ಆ ಭಾಗದಲ್ಲಿ ಬೇರೆ ಜೋರು ನಕ್ಷತ್ರ ಇಲ್ಲ, ತಿಳಿ ಹಳದಿ ಬಣ್ಣದಲ್ಲಿ ಮಿನುಗದೆ ನಿಂತಿರೋದು ಅದೇ. ಬರಿಗಣ್ಣಿಗೆ ಧಾರಾಳ ಕಾಣುತ್ತೆ, ಉಂಗುರ ಕಾಣಲ್ಲ. ಸಾಮಾನ್ಯ ಬೈನಾಕ್ಯುಲರಲ್ಲೂ ಕಾಣಲ್ಲ, 25 ಪಟ್ಟು ಮೇಲೆ ದೊಡ್ಡದು ಮಾಡೋ ಟೆಲಿಸ್ಕೋಪ್ ಬೇಕು. ಅಕ್ಟೋಬರಲ್ಲಿ ಮೋಡ ಕಾಡಿದ್ರೆ ಬೇಜಾರಿಲ್ಲ, ಡಿಸೆಂಬರ್, ಜನವರಿ ತನಕ ಸಂಜೆ ಹೊತ್ತು ಸಿಗುತ್ತೆ, ಪಾವಗಡ, ಮಧುಗಿರಿ ಕಡೆ ಊರಿಂದ ಸ್ವಲ್ಪ ಆಚೆ ಹೋದ್ರೆ ಆಕಾಶ ಟೌನಿಗಿಂತ ಎಷ್ಟೋ ಚೆನ್ನಾಗಿರುತ್ತೆ.

ಫೋಟೋದಲ್ಲಿ ಕಂಡಷ್ಟು ಅಗಲ ಉಂಗುರ ಈ ವರ್ಷ ನಿರೀಕ್ಷೆ ಮಾಡಬೇಡಿ, ಈಗಷ್ಟೇ ಸ್ವಲ್ಪ ತೆರ್ಕೊಂಡಿದೆ, ಪೂರ್ತಿ ತೆರ್ಕೊಳ್ಳೋದು 2032ರ ಹೊತ್ತಿಗೆ. ನೋಡುವಾಗ ಗ್ರಹದ ಪಕ್ಕ ಸ್ವಲ್ಪ ದೂರದಲ್ಲಿ ಒಂದು ಮಸುಕು ಚುಕ್ಕಿ ಕಾಣಬಹುದು, ಟೈಟನ್ ಇರೋ ಸಾಧ್ಯತೆ ಜಾಸ್ತಿ, ಫೋನಲ್ಲಿ ಸ್ಟೆಲೇರಿಯಂ ಆ್ಯಪ್ ಇದ್ರೆ ತೆಗೆದು ತಾಳೆ ಹಾಕಿ ನೋಡಿ, ಅವತ್ತು ಅದು ಯಾವ ಕಡೆ ಇದೆ ಅಂತ ತೋರಿಸುತ್ತೆ.